ಮೊದಲ ಆಯಿಲ್

ಹಳೆಯ ಕಾರೊಂದರ ಇಂಜಿನ್ನಿಗೆ ಯಾವ ಆಯಿಲ್ ಹಾಕಬೇಕು ಎಂಬ ಮಹತ್ತರ ಪ್ರಶ್ನೆ ಆ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು. ಅಷ್ಟರಲ್ಲಿ ಮನೆಗೆ ಎರಡು ಸಲ ಬಣ್ಣ ಹೊಡೆಸಿದ್ದಾಯಿತು, ಮಗಳ ಮದುವೆಯೂ ಆಯಿತು. ಅಂಥ ಸಣ್ಣಪುಟ್ಟ ವಿಷಯಗಳೆಲ್ಲ ಬೇಗಬೇಗ ತೀರ್ಮಾನವಾದವು. ಆಯಿಲ್ ಮಾತ್ರ ಹಾಗೇ ನಿಂತಿತ್ತು.

ಕಾರು ಅಣ್ಣನದು. ಅಣ್ಣ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತನಾದವನು. ತಮ್ಮ ಗಡಿಯಾರ ರಿಪೇರಿಯವನು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ಸ್ಕ್ರೂಗಳ ಜೊತೆ ಅವನ ಸಂಸಾರ. ಇಬ್ಬರೂ ಒಂದೇ ತಾಯಿಯ ಮಕ್ಕಳೆನ್ನುವುದಕ್ಕೆ ಮೂಗಿನ ಹೊರತು ಬೇರೆ ಪುರಾವೆ ಇರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಅಣ್ಣ ಹೆಂಡತಿಯ ತವರಿಗೆ ಹೋಗಿ ಹತ್ತು ದಿನ ಉಳಿದಿದ್ದ. ಬರುವಷ್ಟರಲ್ಲಿ ಒಂದು ಉಪಕಾರ ಮಾಡಿಟ್ಟಿರೋಣವೆಂದು ತಮ್ಮನಿಗೆ ಅನ್ನಿಸಿತು. ಗಡಿಯಾರದವರ ಧರ್ಮದಲ್ಲಿ ಕಪ್ಪಾದ ಎಣ್ಣೆ ಪಾಪ, ತೆಳ್ಳಗೆ ತಿಳಿಯಾದ ಎಣ್ಣೆ ಪುಣ್ಯ. ಅವನು ಡಾಂಬರಿನಂತಿದ್ದ ಆಯಿಲನ್ನು ಇಳಿಸಿ, ಕೊಳೆ ತೊಳೆಯುವಂಥದ್ದೆಂದು ಡಬ್ಬದ ಮೇಲೆ ಬರೆದಿದ್ದ ತೆಳ್ಳನೆಯ ಹೊಸ ಆಯಿಲ್ ತುಂಬಿದ. ಅದು ಕೊಟ್ಟ ಮಾತಿಗೆ ತಪ್ಪಲಿಲ್ಲ, ತೊಳೆಯಿತು. ಮೂವತ್ತು ವರ್ಷ ಸಾದಾ ಆಯಿಲ್ ಕುಡಿದ ಇಂಜಿನ್ನಿನ ಗೋಡೆಗಳಿಗೆ ಕಚ್ಚಿ ಕೂತಿದ್ದ ಕೊಳೆಯನ್ನೆಲ್ಲ ಎಬ್ಬಿಸಿ, ಆಯಿಲ್ ಹರಿಯುವ ಸಣ್ಣ ದಾರಿಗಳಲ್ಲಿ ತುರುಕಿತು. ತಡೆಯಲು ಆ ಕಾಲದ ಇಂಜಿನ್ನಿಗೆ ಫಿಲ್ಟರೂ ಇರಲಿಲ್ಲ. ಮೂರನೆಯ ವಾರ ಏರುರಸ್ತೆಯೊಂದರಲ್ಲಿ ಬೇರಿಂಗುಗಳು ಒಣಗಿ ಇಂಜಿನ್ ಬಿಗಿದುಕೊಂಡು ಸೀಜ್ ಆಯಿತು.

ಅಣ್ಣ ನಡೆದುಕೊಂಡು ಮನೆಗೆ ಬಂದ. "ಅದು ಕೈಗಡಿಯಾರ ಅಲ್ವೋ" ಎಂದಷ್ಟೇ ಹೇಳಿದ. ಆಮೇಲೂ ಅಣ್ಣತಮ್ಮಂದಿರು ಮಾತಾಡಿಕೊಂಡರು, ಒಟ್ಟಿಗೆ ಕೂತು ಉಂಡರು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ಮಾತ್ರೆ ತಂದುಕೊಟ್ಟರು. ಆದರೆ ಕಾರಿನ ಶೆಡ್ಡಿನೊಳಗೆ ತಮ್ಮನಿಗೆ ಪ್ರವೇಶವಿರಲಿಲ್ಲ. ಒಮ್ಮೆ ಅವನು ಕಾರಿನ ಗಾಜು ಒರೆಸಲು ಬಟ್ಟೆ ಎತ್ತಿಕೊಂಡಾಗ ಅಣ್ಣ ಅದನ್ನು ಸದ್ದಿಲ್ಲದೆ ಅವನ ಕೈಯಿಂದ ಇಸಿದುಕೊಂಡಿದ್ದ.

ಇಂಜಿನ್ನನ್ನು ಅಣ್ಣ ತಾನೇ ಬಿಚ್ಚಿದ. ಸಿಗದ ಭಾಗಗಳನ್ನು ಶೆಡ್ಡಿನ ಹಳೆಯ ಲೇತಿನ ಮೇಲೆ ತಾನೇ ಮಾಡಿದ, ಆಯಿಲ್ ಹರಿಯುವ ಒಂದೊಂದು ದಾರಿಯನ್ನೂ ತಂತಿ ತೂರಿಸಿ ತೊಳೆದ, ಹೊಸದಾಗಿ ಫಿಲ್ಟರ್ ಕೂರಿಸಿದ. ಅವಸರ ಮಾಡುವ ಜಾತಿಯವನಲ್ಲ. ಹನ್ನೊಂದು ವರ್ಷ ಹಿಡಿಯಿತು. ಕೊನೆಯ ಬೋಲ್ಟು ಬಿಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಕಣ್ಣು ಮಂಜು ಮಾಡಿ, ಬೆರಳ ತುದಿಗಳ ಸ್ಪರ್ಶವನ್ನೂ ಒಯ್ದಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಉಜ್ಜಿ ಆಯಿಲಿನ ಜಾತಕ ಹೇಳುತ್ತಿದ್ದ ಮನುಷ್ಯ ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕರೆಯಬೇಕಿತ್ತು.

ಒಂದು ಬೆಳಿಗ್ಗೆ ಗಡಿಯಾರದಂಗಡಿಗೆ ಅತ್ತಿಗೆಯ ಫೋನು ಬಂತು.

"ನಿಮ್ಮಣ್ಣ ಕರೀತಿದ್ದಾರೆ, ಬಾಪ್ಪ."

"ಮೈಗೆ ಹುಷಾರಿಲ್ವಾ?"

"ಮೈಗೇನಾಗಿದೆ? ಶೆಡ್ಡಿಗೆ ಕರೀತಿದ್ದಾರೆ."

ತಮ್ಮ ಬಿಚ್ಚಿದ್ದ ಗಡಿಯಾರವನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಹೊರಟ. ಭೂತಗನ್ನಡಿ ಹಣೆಯ ಮೇಲೇ ಉಳಿದಿತ್ತು.

ಶೆಡ್ಡಿನಲ್ಲಿ ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದಿತ್ತು. ಬೆಂಚಿನ ಮೇಲೆ ಎರಡು ಡಬ್ಬಗಳು: ಎಡಕ್ಕೆ ಅಣ್ಣ ಮೊದಲಿನಿಂದ ನಂಬಿದ್ದ ಸಾದಾ ಆಯಿಲ್, ಬಲಕ್ಕೆ ಅಂಗಡಿಯವನು ಅತ್ತಿಗೆಗೆ ಒತ್ತಾಯ ಮಾಡಿ ಕೊಟ್ಟಿದ್ದ, ಕೊಳೆ ತೊಳೆಯುವ ದಪ್ಪನೆಯ ಆಯಿಲ್.

"ಬಂದ್ಯಾ? ಸಾದಾದ್ದು ಯಾವುದು ಓದಿ ನೋಡು. ಅದನ್ನ ಸುರಿ."

ಹನ್ನೊಂದು ವರ್ಷ ತಮ್ಮ ಇಂಜಿನ್ ಆಯಿಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದ. ತಪ್ಪು ಮಾಡಿದವನಷ್ಟು ಶ್ರದ್ಧೆಯ ವಿದ್ಯಾರ್ಥಿ ಲೋಕದಲ್ಲಿ ಇನ್ನೊಬ್ಬನಿಲ್ಲ. ಈ ಇಂಜಿನ್ನಿಗೆ ಬಲಗಡೆಯದೇ ಸರಿ ಎಂದು ಅವನಿಗೆ ಗೊತ್ತಿತ್ತು. ಆದರೆ ಹಾಗೆನ್ನಬೇಕಾದರೆ, ಹಿಂದೆ ಇಂಜಿನ್ನನ್ನು ಕೊಂದ ತೊಳೆಯುವ ಆಯಿಲಿನ ಹೆಸರನ್ನೇ ಅದೇ ಅಣ್ಣನ ಮುಂದೆ ಎತ್ತಬೇಕು. ಸುಮ್ಮನಿದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸಾದಾ ಆಯಿಲಿನಲ್ಲೂ ಕಾರು ಓಡುತ್ತದೆ. ಕೊಳೆ ಕೂರಲು ವರ್ಷಗಳು ಬೇಕು.

"ಹೂಂ, ಸಾದಾದ್ದು ಇಲ್ಲಿದೆ" ಎಂದು ಅವನು ಎಡಗಡೆಯ ಡಬ್ಬ ಎತ್ತಿಕೊಂಡ.

"ಯಾಕಪ್ಪ, ಮುಖ ಹುಳ್ಳಗೆ ಮಾಡ್ಕೊಂಡಿದ್ದೀಯ?" ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೇಳಿದಳು. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅನ್ನೋ ಹಾಗೆ ಮಾಡ್ಬೇಡ. ಏನಾದ್ರೂ ಇದ್ರೆ ಈಗ್ಲೇ ಬೊಗಳಿಬಿಡು."

ತಮ್ಮ ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಇಂಜಿನ್ನಿನೊಳಗೆ ಬಗ್ಗಿದ. ಅಣ್ಣ ಮಾಡಿದ ಶಾಫ್ಟಿನ ಮೇಲೆ ಲೇತ್ ಬಿಟ್ಟ, ಕೂದಲೆಳೆಯಷ್ಟು ಸಣ್ಣ ಗೀರುಗಳು, ಒಂದರ ಪಕ್ಕ ಒಂದು, ಎಲ್ಲೂ ತಪ್ಪದ ಅಂತರದಲ್ಲಿ. ಅಷ್ಟು ಒಪ್ಪವಾದ ಕೆಲಸವನ್ನು ಅವನು ಗಡಿಯಾರಗಳಲ್ಲೂ ಅಪರೂಪಕ್ಕೆ ಕಂಡಿದ್ದ. ಅವನು ಡಬ್ಬವನ್ನು ಕೆಳಗಿಟ್ಟ.

"ಅಣ್ಣಾ, ಸಾದಾದ್ದು ಬೇಡ. ತೊಳೆಯೋ ಆಯಿಲ್ ಹಾಕೋಣ."

ಅಣ್ಣ ಸ್ಟೂಲಿನ ಮೇಲಿಂದ ಅವನತ್ತ ತಿರುಗಿದ.

"ಇನ್ನೂ ಬುದ್ಧಿ ಬಂದಿಲ್ಲ ನಿಂಗೆ" ಎಂದ ಅಣ್ಣ.

"ಬಂದಿದೆ, ಅದಕ್ಕೇ ಹೇಳ್ತಿರೋದು. ಆವತ್ತು ಒಳಗೆ ಮೂವತ್ತು ವರ್ಷದ ಕೊಳೆ ಇತ್ತು, ಫಿಲ್ಟರ್ ಇರ್ಲಿಲ್ಲ. ಅದಕ್ಕೆ ನಿನ್ನ ಸಾದಾ ಆಯಿಲೇ ಸರಿ ಇತ್ತು, ನಾನು ಕತ್ತೆ. ಇವತ್ತು ಒಳಗೆ ಒಂದು ಚುಕ್ಕೆ ಕೊಳೆ ಇಲ್ಲ. ಸಾದಾದ್ದು ಹಾಕಿದ್ರೆ ನೀನು ಮಾಡಿರೋ ಕೆಲಸದ ಮೇಲೆ ಮತ್ತೆ ಕೊಳೆ ಕೂರುತ್ತೆ. ಇದಾದ್ರೆ ಕೂರೋಕೆ ಬಿಡದೆ ಫಿಲ್ಟರಿಗೆ ಒಯ್ಯುತ್ತೆ."

"ತೆಳ್ಳಗಿರುತ್ತಲ್ಲೋ."

"ಇಲ್ಲ. ಇಂಜಿನ್ ಕಾದ್ರೂ ದಪ್ಪ ಉಳಿಯುತ್ತೆ."

"ಇನ್ನೊಂದ್ಸಲ ಸೀಜ್ ಆದ್ರೆ ಬಿಚ್ಚಿ ಜೋಡಿಸೋ ಕೈ ನನ್ನ ಹತ್ರ ಇಲ್ಲ ಕಣೋ." ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಣ್ಣ."

ಅಣ್ಣ ಕೈ ಚಾಚಿದ. ತಮ್ಮ ಬಲಗಡೆಯ ಡಬ್ಬ ತೆರೆದು ಅವನ ಬೆರಳಿಗೆ ಒಂದು ಹನಿ ಬಿಟ್ಟ. ಅಣ್ಣ ತುಂಬ ಹೊತ್ತು ಉಜ್ಜಿದ, ತಲೆ ವಾರೆ ಮಾಡಿ, ದೂರದ ಸದ್ದಿಗೆ ಕಿವಿಗೊಟ್ಟವನಂತೆ.

"ನೀರೋ ಜೇನೋ, ಒಂದೂ ಗೊತ್ತಾಗ್ತಿಲ್ಲ" ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀನು ಉಜ್ಜಿ ಹೇಳು."

ಗಡಿಯಾರದವರು ಎಣ್ಣೆಯನ್ನು ಬೆರಳಿನಿಂದ ಮುಟ್ಟುವುದಿಲ್ಲ, ಸೂಜಿಮೊನೆಯಲ್ಲಿ ಇಡುತ್ತಾರೆ. ತಮ್ಮ ಬೆರಳದ್ದಿ ಉಜ್ಜಿದ.

"ಗಟ್ಟಿಯಾಗಿ ಒತ್ತಿದ್ರೂ ಬೆರಳು ಬೆರಳಿಗೆ ತಾಗಲ್ಲ. ಮಧ್ಯೆ ನಿಂತ್ಕೊಳ್ಳುತ್ತೆ."

"ಬಿಡಿಸಿದ್ರೆ?"

"ಎಳೆ ಬರುತ್ತೆ. ಅಕ್ಕಿಕಾಳಿನಷ್ಟುದ್ದ."

ಅಣ್ಣ ತನ್ನ ಎರಡು ಬೆರಳುಗಳನ್ನು ಗಾಳಿಯಲ್ಲಿ ಒಂದಕ್ಕೊಂದು ತಾಗಿಸಿ, ಬಿಡಿಸಿ, ಮತ್ತೆ ತಾಗಿಸಿದ.

"ಸುರಿ" ಎಂದ.

ನಾಲ್ಕು ಲೀಟರ್ ಹಿಡಿಯಿತು. ಮೂರನೆಯ ಯತ್ನಕ್ಕೆ ಇಂಜಿನ್ ಸ್ಟಾರ್ಟ್ ಆಯಿತು. ನಿಂತಲ್ಲೇ ಇದ್ದ ಕಾರಿನಲ್ಲಿ ಅಣ್ಣ ಸ್ಟಿಯರಿಂಗ್ ಹಿಡಿದು ಕೂತ, ತಮ್ಮ ಪಕ್ಕದಲ್ಲಿ ಕೂತು ಆಯಿಲ್ ಒತ್ತಡದ ಮುಳ್ಳು ಎಲ್ಲಿದೆ ಎಂದು ಅರ್ಧ ಗಂಟೆ ಓದಿ ಹೇಳಿದ. ಅದು ನಲವತ್ತರಿಂದ ಇಳಿಯಲಿಲ್ಲ, ಎಂದರೆ ಆಯಿಲ್ ಸರಿಯಾಗಿ ಹರಿಯುತ್ತಿತ್ತು. ಆ ಕಾರಿಗೆ ಆಯಿಲ್ ಹಾಕುವ ಕೆಲಸ ಅಲ್ಲಿಂದ ತಮ್ಮನದಾಯಿತು.