ಮಸ್ರೇಶಾ ಇದ್ದಾನೆ, ಹೊರಗೆ ಬನ್ನಿ

೧

ಹೇಗೆ ಶುರು ಮಾಡಲಿ? ಕೊಂಬಿನಿಂದ ಶುರು ಮಾಡಿದರೆ ಯಾರೋ ಸತ್ತರು ಅಂದುಕೊಳ್ಳುತ್ತೀರಿ. ದೆಸ್ಸಿಯೆ ಪಟ್ಟಣದ ನಮ್ಮ ಓಣಿಯಲ್ಲಿ ಕೊಂಬು ಊದುವುದು ಒಂದೇ ಕಾರಣಕ್ಕೆ. ಕೊಂಬಿನವ ಊದುತ್ತಾ ಬಂದು, "ಇಂಥವರು ತೀರಿಕೊಂಡರು, ಹೊರಗೆ ಬನ್ನಿ" ಎಂದು ಕೂಗುತ್ತಾನೆ. ಆಮೇಲೆ ನಮ್ಮ ಇದ್ದಿರ್, ಅಂದರೆ ಓಣಿಯವರು ಕಟ್ಟಿಕೊಂಡ ಸಾವಿನ ಸಂಘ, ಡೇರೆ, ಬೆಂಚು, ಹಂಡೆ ಹೊತ್ತು ತರುತ್ತದೆ. ಮೂರು ದಿನ ಜನ ಬಂದು ಕೂರುತ್ತಾರೆ.

ಈ ಕಥೆಯಲ್ಲಿ ಕೊಂಬು ಇದೆ, ಹೆಣ ಇಲ್ಲ. (ಹೇಳಿಬಿಟ್ಟೆ. ಸಸ್ಪೆನ್ಸ್ ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಿ.)

೨

ಮೊದಲ ಡ್ರಾಫ್ಟ್: "ಮಸ್ರೇಶಾ ಒಳ್ಳೆಯ ಬಡಗಿಯಾಗಿದ್ದ. ಇದ್ದಿರಿನ ಬೆಂಚುಗಳೆಲ್ಲ ಅವನೇ ಮಾಡಿದವು."

ಎದುರು ಮನೆಯ ನಾನು ಓದಿ ಹೇಳುತ್ತಿದ್ದೆ; ಅಲ್ಲಿಗೇ ಅವನು ತಡೆದ. "ಏನಣ್ಣ, 'ಆಗಿದ್ದ' ಅಂತ ಬರ್ದುಬಿಟ್ಯಲ್ಲ? ನಾನಿನ್ನೂ ಹೋಗಿಲ್ಲ."

"ಮಳೆಗಾಲದಿಂದ ಹಿಂದಿನ ಕೋಣೆ ಬಿಟ್ಟು ಬಂದಿಲ್ಲ. ಉಳಿ ಮುಟ್ಟಿಲ್ಲ. ಇನ್ನೇನು ಬರೀಲಿ?"

"ಏನಾದ್ರೂ ಬರ್ಕೊ. 'ಇದ್ದಾನೆ' ಅನ್ನಿಸ್ಕೊಂಡು ನನಗೂ ಸಾಕಾಗಿದೆ."

ಡ್ರಾಫ್ಟ್ ಹರಿದೆ. ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ.

೩

ಅವನ ಅಕ್ಕ ಯೆಶಿಮೆಬೆಟ್ ಇದ್ದಿರಿನ ಭಾನುವಾರದ ಸಭೆಗೆ ಬಂದಳು. ಅಧ್ಯಕ್ಷರು ಗಾಶೆ ದಮ್ತೆವ್ (ಹಿರಿಯರನ್ನು ನಾವು ಗಾಶೆ ಅನ್ನುತ್ತೇವೆ), ಮಂಡಿನೋವಿನ ಮುದುಕರು, ನಿಯಮ ಅಂದರೆ ನಿಯಮ.

"ಗಾಶೆ, ನನ್ನ ತಮ್ಮ ಸತ್ತರೆ ಮೂರು ದಿನ ಡೇರೆ ಹಾಕ್ತೀರಲ್ಲ?"

"ಖಂಡಿತ ಹಾಕ್ತೀವಮ್ಮ. ದೇವರು ಆ ದಿನ ತರದಿರಲಿ."

"ಆ ದಿನ ಬರೋ ಮುಂಚೆ ಹಾಕಿ."

ಯಾರೋ ನಕ್ಕರು. ದಮ್ತೆವ್ ನಗಲಿಲ್ಲ. "ಡೇರೆಗೆ ಹೆಣ ಬೇಕು, ಮಗಳೇ."

"ಹಾಗಾದ್ರೆ ಕಾಯ್ತಾ ಇದ್ದೀರಾ?"

"ಪವಿತ್ರ ತೀರ್ಥಕ್ಕೆ ಕರ್ಕೊಂಡು ಹೋಗು," ಎಂದಿತು ಹಿಂದಿನ ಸಾಲು.

"ಹೋಗಿದ್ದೆ. ಅಲ್ಲಿ ಕಟ್ಟಿಹಾಕಿದ್ರು. ಅವನ ಮುಂಗೈ ನೋಡಿದ್ದೀರಾ? ಸರಪಳಿ ಗುರುತು ಮಾಸಿಲ್ಲ. ಆಸ್ಪತ್ರೆಗೂ ಹೋಗಿದ್ದೆ. ಮಾತ್ರೆ ಕೊಟ್ಟರು, ನುಂಗ್ತಾನೆ. ಮಾತ್ರೆ ಪಕ್ಕದಲ್ಲಿ ಬಂದು ಕೂರಲ್ಲವಲ್ಲ! ನಾನೊಬ್ಬಳೇ ಬಾಗಿಲು ಕಾಯ್ತಿದ್ದೀನಿ. ನಾನು ಕಣ್ಣು ಮುಚ್ಚಿದಾಗ ಅವನು ಏನಾದ್ರೂ ಮಾಡ್ಕೊಂಡ್ರೆ?"

ಸಭೆ ಹಂಡೆಗೆ ಕಲಾಯಿ ಹಾಕಿಸುವ ವಿಷಯ ಎತ್ತಿಕೊಂಡಿತು.

(ಇಲ್ಲಿ ನನ್ನದೊಂದು ಉದ್ದನೆಯ ಭಾಷಣ ಬರೆದಿದ್ದೆ. "ಆಡದ ಮಾತನ್ನ ಯಾಕೆ ಸೇರಿಸ್ತೀಯ?" ಎಂದಳು ಯೆಶಿ. ಹೊಡೆದುಹಾಕಿದೆ.)

೪

ಯೆಶಿ ಮೂಲೆಯಲ್ಲಿದ್ದ ಕೊಂಬನ್ನು ಎತ್ತಿಕೊಂಡು ಹೊರಗೆ ಓಡಿದಳು. ಊದಿದಳು. ಊದುವುದು ಗೊತ್ತಿಲ್ಲದ ಬಾಯಿ. ಕರು ಕೂಗಿದ ಹಾಗಾಯಿತು. ಕೊಂಬಿನ ಹಿಂದೆ ಹೆಸರು ಬರಬೇಕು, ಹೆಸರಿನ ಹಿಂದೆ "ತೀರಿಕೊಂಡ" ಬರಬೇಕು. ನಮಗೆ ಬೇರೆ ವಾಕ್ಯವೇ ಇಲ್ಲ. ಅವಳು ಒಂದು ಕ್ಷಣ ತಡವರಿಸಿ ಕೂಗಿದಳು:

"ಮಸ್ರೇಶಾ ಇದ್ದಾನೆ! ಹೊರಗೆ ಬನ್ನಿ!"

ಕಿವಿಯ ಅಭ್ಯಾಸ ಕೆಟ್ಟದ್ದು. ಕೊಂಬು ಕೇಳಿಸಿತು, ಹೆಸರು ಕೇಳಿಸಿತು, ಉಳಿದದ್ದನ್ನು ಓಣಿ ತಾನೇ ತುಂಬಿಕೊಂಡಿತು. ಹೆಂಗಸರು ಬಿಳಿ ಸೆರಗಿನ ಬಣ್ಣದ ಅಂಚನ್ನು ಕತ್ತಿಗೆ ಸುತ್ತಿ, ಸೂತಕದವರಂತೆ ಎದೆ ಬಡಿದುಕೊಳ್ಳುತ್ತಾ ಬಂದರು. ದಮ್ತೆವ್ ಕುಂಟುತ್ತಾ ಬರುವಷ್ಟರಲ್ಲಿ ಯೆಶಿಯ ಮನೆಯಂಗಳದಲ್ಲಿ ಹುಡುಗರು ಡೇರೆ ಎತ್ತಿಯಾಗಿತ್ತು. ಹಂಡೆಯಲ್ಲಿ ಸಾವಿನ ಮನೆಯ ಗೋಧಿ, ಕಡಲೆ ಬೇಯುತ್ತಿದ್ದವು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಮಸ್ರೇಶಾ. ಗಡ್ಡ ಬೆಳೆದಿತ್ತು, ಬೆಳಕಿಗೆ ಕಣ್ಣು ಕಿರಿದಾಗಿದ್ದವು.

"ಯಾರು ಹೋದ್ರು?"

ಎದೆ ಬಡಿದುಕೊಳ್ಳುತ್ತಿದ್ದ ಕೈಗಳು ಕೆಳಗಿಳಿದವು. ಕೊನೆಗೆ ಮುದುಕಿ ಜೆನೆಬೆಚ್ ಮೂಗು ಒರೆಸಿಕೊಂಡಳು. "ನೀನೇ ಕಣಪ್ಪ."

ಅವನು ಯೋಚಿಸಿದ. "ಇರಬಹುದು," ಎಂದ. ಆಮೇಲೆ, "ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ."

ಬೇಯಿಸಿದ ಕಾಳು ತಿನ್ನದೆ ಡೇರೆಯಿಂದ ಏಳುವಂತಿಲ್ಲ. ಕೂತೆವು. ಸಾವಿನ ಡೇರೆಯಲ್ಲಿ ಯಾರೂ ಬುದ್ಧಿ ಹೇಳುವುದಿಲ್ಲ. ಧೈರ್ಯ ತಗೋ, ಪ್ರಾರ್ಥನೆ ಮಾಡು, ಕೆಲಸಕ್ಕೆ ಹೋಗು ಅನ್ನುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ. ಅವನು ನಮ್ಮ ನಡುವೆ ಕೂತು ತನ್ನ ಪಾಲಿನ ಕಾಳು ತಿಂದ. ಯೆಶಿ ಕಂಬಕ್ಕೊರಗಿ ನಿದ್ದೆಹೋದಳು.

೫

ಈಗ ಎಂಡಿಂಗ್.

ಅ) ಅವನು ಗುಣವಾಗಿ ಉಳಿ ಹಿಡಿದ. (ನಿಮಗೆ ಇದು ಬೇಕು. ನನಗೂ ಬೇಕು. ಸುಳ್ಳು.)

ಆ) ಇದನ್ನು ಬರೆಯಬೇಡ ಎಂದು ಯೆಶಿ ನನ್ನ ಕೈ ಹಿಡಿದುಕೊಂಡಿದ್ದಾಳೆ.

ಇ) ದಮ್ತೆವ್ ನಿಯಮ ಬದಲಿಸಿದರು. ("ಲೋ, ನನ್ನನ್ನ ಸಂತ ಮಾಡಬೇಡ," ಎಂದರು ಗಾಶೆ.)

ಆದದ್ದು ಇಷ್ಟು: ಮೂರನೆಯ ದಿನ ಮತ್ತೆ ಕೊಂಬು. ಮೇಲಿನ ತಿರುವಿನಲ್ಲಿ ಒಬ್ಬ ಅಜ್ಜಿ ಹೋಗಿದ್ದಳು. (ಹೆಣ ಇಲ್ಲ ಅಂದಿದ್ದೆನಲ್ಲ, ಅದು ನಮ್ಮ ಡೇರೆಯ ಮಾತು.)

"ಡೇರೆ ಬಿಚ್ಚಿ. ಅಲ್ಲಿ ನಿಜವಾಗಿ ಸತ್ತಿದ್ದಾರೆ," ಎಂದರು ದಮ್ತೆವ್.

"ಇಲ್ಲಿ ನಿಜವಾಗಿ ಬದುಕಿದ್ದಾನೆ," ಎಂದಳು ಯೆಶಿ, ಹಗ್ಗ ಬಿಡದೆ.

ಹಗ್ಗ ಬಿಡಿಸಿದರು. ಡೇರೆ ಹೋಯಿತು, ಹಂಡೆ ಹೋಯಿತು, ಜನರೂ ಹೋದರು. ನಾನೂ ಹೋದೆ; ಹೋಗಲೇಬೇಕು. ಕೊನೆಯ ಬೆಂಚು ಎತ್ತುವಾಗ ಮಸ್ರೇಶಾ ಬಾಯಿ ಬಿಟ್ಟ.

"ಅದನ್ನ ಬಿಡಿ. ಕಾಲು ಸಡಿಲ ಆಗಿದೆ. ಯಾರಾದ್ರೂ ಬಿದ್ದಾರು."

ಬಿಟ್ಟು ಹೋದರು. ಸಂಜೆ ನಾನು ಅದರ ಮೇಲೆ ಕೂತು ಅಲುಗಾಡಿಸಿ ನೋಡಿದೆ. ಕಾಲು ಮೊದಲಿನಿಂದಲೂ ಗಟ್ಟಿಯಾಗಿಯೇ ಇತ್ತು.

ನನ್ನ ಕಿಟಕಿಯಿಂದ ಈಗಲೂ ಕಾಣುತ್ತದೆ. ಬೆಂಚು ಐದು ಜನಕ್ಕೆ ಮಾಡಿದ್ದು. ಒಂದು ತುದಿಯಲ್ಲಿ ಅವನು ಇದ್ದಾನೆ. ಉಳಿದ ಜಾಗ ಖಾಲಿ ಇದೆ, ಮತ್ತು ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ