ಸುರಂಗದ ಬಾಯಲ್ಲಿ ನಲವತ್ತು

ಅಲ್ಮಾಸಾಳ ಅಜ್ಜ ಚೀರೊ ಎಂಬ ಪುಟ್ಟ ರೈಲಿನ ಡ್ರೈವರ್ ಆಗಿದ್ದವರು. ಸುರಂಗದ ಬಾಯಲ್ಲಿ ಗಾಡಿ ನಿಲ್ಲಿಸಿ, ಮೂರು ಸಲ ಸಿಳ್ಳೆ ಹಾಕಿ, ನಲವತ್ತು ಎಣಿಸಿ, ಆಮೇಲೆ ಒಳಗೆ ಬಿಡುತ್ತಿದ್ದರಂತೆ. ನಡುಮಧ್ಯಾಹ್ನ ದನಗಳು ತಂಪಿಗೆಂದು ಒಳಗೆ ಮಲಗಿರುತ್ತಿದ್ದವು. ಒಂದೇ ಒಂದು ಸಲ ಅಜ್ಜ ಕಾಯಲಿಲ್ಲ. ಇಂಜಿನ್ನಿನ ಮೂತಿಗೆ ಸುತ್ತಿಕೊಂಡ ಕರುಳನ್ನು ತ್ರೆಬಿಶ್ನಿತ್ಸ ನದಿಯ ನೀರು ಹೊತ್ತು ಸಂಜೆಯವರೆಗೂ ತೊಳೆದರು ಎನ್ನುವಾಗ ಅಜ್ಜಿ ತನ್ನ ಕೈಯನ್ನೇ ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

ಹಳಿ ಕಿತ್ತು ಎಷ್ಟೋ ಕಾಲವಾಯಿತು. ಈಗ ಆ ದಾರಿಯಲ್ಲಿ ಸೈಕಲ್‌ಗಳು ಓಡುತ್ತವೆ. ಆದರೂ ಸೈಕಲ್ ಹತ್ತಿ ಮೊಸ್ತಾರ್ ಪಟ್ಟಣ ಬಿಟ್ಟ ಈ ಮೂರು ದಿನವೂ ಅಲ್ಮಾಸಾ ಪ್ರತಿ ಸುರಂಗದ ಮುಂದೆ ಕಾಲೂರಿ, ಗಂಟೆ ಬಾರಿಸಿ, ಎಣಿಸಿಯೇ ಮುಂದೆ ಹೋಗುತ್ತಿದ್ದಳು. ಜೊತೆಗೆ ಬಂದಿದ್ದ ಬಾಲ್ಯದ ಗೆಳೆಯ ವೆದ್ರಾನ್‌ಗೆ ಅದೊಂದು ತಮಾಷೆ.

"ಏನ್ ಸ್ಟೇಷನ್ ಮಾಸ್ಟರಮ್ಮ, ಹಸಿರು ಬಾವುಟ ಸಿಕ್ತಾ?"

"ನಗು, ನಗು. ಹಲ್ಲು ಉದುರೋವರ್ಗೂ ನಗು."

"ಇಬ್ರೂ ಬಾಯ್ಮುಚ್ರೋ," ಎಂದಳು ಗೆಳತಿ ಸನೇಲಾ, ಹಿಂದೆ ಚೀಲದ ಪಟ್ಟಿ ಬಿಗಿಯುತ್ತ. "ಮುಂದಿನ ಊರು ರಾವ್ನೊದಲ್ಲಿ ಕುರಿ ಸುಡ್ತಿದಾರಂತೆ. ನನಗೆ ಕಣ್ಣು ಕತ್ತಲೆ ಬರ್ತಿದೆ."

"ಇವಳು ನಲವತ್ತು ಎಣಿಸೋದ್ರೊಳಗೆ ಅಲ್ಲಿ ಮೂಳೆ ಉಳಿದಿರತ್ತೆ, ಅಷ್ಟೇ," ಎಂದ ವೆದ್ರಾನ್.

ಅಲ್ಮಾಸಾಳಿಗೆ ಉರಿದುಹೋಯಿತು. ಗಂಟೆ ಮುಟ್ಟಲಿಲ್ಲ. ಪೆಡಲ್ ತುಳಿದು ಕತ್ತಲೆಗೆ ನುಗ್ಗಿದಳು. ವೆದ್ರಾನ್ ನಗುತ್ತ ಹಿಂದೆಯೇ ಬಂದ.

ಮೊದಲು ಬಂದದ್ದು ಸಗಣಿಯ ವಾಸನೆ. ಆಮೇಲೆ ಕತ್ತಲೆಯೇ ಎದ್ದು ನಿಂತಿತು. ಗೊರಸುಗಳು ಗುಡುಗಿದವು, ಯಾವುದೋ ಹಸುವಿನ ಪಕ್ಕೆ ಬಡಿದು ಅವಳು ಸೈಕಲ್ ಸಮೇತ ಗೋಡೆಗೆ ಬಿದ್ದಳು. ಅವಳನ್ನು ದಾಟಿಹೋದದ್ದು ಹಸುವಲ್ಲ. ಕಾಳಗಕ್ಕೆಂದು ಸಾಕಿದ, ಗಾಜಿನ ಚೂರಿನಿಂದ ಕೊಂಬು ಹೆರೆದು ಚೂಪು ಮಾಡಿದ ಗೂಳಿ.

ವೆದ್ರಾನನ ದೀಪ ಮೇಲಕ್ಕೆ ಹಾರಿ ಗಿರಗಿರನೆ ತಿರುಗಿತು. ಆ ಬೆಳಕಿನಲ್ಲಿ ಕಂಡಿತು: ಕೊಂಬು ಅವನ ತೊಡೆಯೊಳಗೆ ಇಳಿದಿತ್ತು. ಗೂಳಿ ಅವನನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿತು, ಮಂಡಿಯೂರಿ, ಸೈಕಲ್ಲನ್ನು ಅವನೆದೆಗೆ ಒತ್ತಿ ಅರೆಯತೊಡಗಿತು. ಕಬ್ಬಿಣ ಬಾಗುವ ಸದ್ದಿನ ಜೊತೆ ಪಕ್ಕೆಲುಬು ಮುರಿಯುವ ಸದ್ದೂ ಬಂತು.

ಅಲ್ಮಾಸಾ ಕಲ್ಲೆತ್ತಿ ಅದರ ಬೆನ್ನಿಗೆ ಹೊಡೆದಳು. ಕಣ್ಣಿಗೆ ಹೊಡೆದಳು. ಅದು ತಿರುಗಿಯೂ ನೋಡಲಿಲ್ಲ.

ಆಗ ತನ್ನ ಸೈಕಲ್ಲಿನ ಹಿಡಿಕೆಯಿಂದ ಗಂಟೆಯನ್ನು ಕಿತ್ತುಕೊಂಡಳು. ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಗೂಡಿತ್ತು. ರೈಲು ಬಂದಾಗ ಹಳಿಯ ಕೆಲಸದವರು ಉಸಿರು ಬಿಗಿಹಿಡಿದು ಒತ್ತಿಕೊಳ್ಳುತ್ತಿದ್ದ ಗೂಡು. ಅದರೊಳಗೆ ನಿಂತು ಬಾರಿಸಿದಳು. ಒಂದು ಸಲ. ಎರಡು. ಮೂರು.

ಗೂಳಿ ತಲೆಯೆತ್ತಿತು.

ಮೊದಲ ಗುದ್ದಿಗೆ ಗೂಡಿನ ಅಂಚಿನ ಕಲ್ಲು ಪುಡಿಯಾಯಿತು. ಎರಡನೆಯದಕ್ಕೆ ಅವಳ ಎಡ ಮುಂಗೈ ಒಣಕಡ್ಡಿಯಂತೆ ಲಟಕ್ಕೆಂದಿತು. ಬಲಗೈ ಗಂಟೆ ಬಿಡಲಿಲ್ಲ. ಹನ್ನೆರಡು, ಹದಿಮೂರು, ಅವಳು ಎಣಿಸುತ್ತಿದ್ದಳು. ಸದ್ದು ಕೇಳಿ ಓಡಿಬಂದ ಸನೇಲಾ ಆಚೆ ವೆದ್ರಾನನ ಕಂಕುಳಿಗೆ ಕೈಹಾಕಿ ಎಳೆಯುತ್ತಿದ್ದಳು. ಇಪ್ಪತ್ತೊಂಬತ್ತರ ಹೊತ್ತಿಗೆ ಕೊಂಬು ಬುಡದಲ್ಲೇ ಸಿಡಿದು, ಬಿಸಿ ರಕ್ತ ಅವಳ ಬಾಯಿಗೆ ಬಡಿಯಿತು. ಗೂಳಿ ತೂರಾಡಿ ಬೆಳಕಿನತ್ತ ಓಡಿತು.

ಹೊರಗೆ ಸನೇಲಾ ಸೈಕಲ್ ಟ್ಯೂಬಿನಿಂದ ವೆದ್ರಾನನ ತೊಡೆಯನ್ನು ಬಿಗಿಯುತ್ತಿದ್ದಳು. ಗೂಳಿಯ ಒಡೆಯ, ಮುದುಕ ಯುರೆ, ದೊಣ್ಣೆ ಎತ್ತಿಕೊಂಡೇ ಬಂದ.

"ಕೊಂಬು ಮುರಿದುಹಾಕಿದ್ರಲ್ಲೇ. ಸುರಂಗದ ಬಾಯಲ್ಲಿ ನಿಂತು ಸದ್ದು ಮಾಡ್ಬೇಕು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು, ಮಾವ," ಎಂದಳು ಅಲ್ಮಾಸಾ. "ಬೇಕಂತ್ಲೇ ಮಾಡ್ಲಿಲ್ಲ."

ಮುದುಕ ಅವಳ ಜೋತುಬಿದ್ದ ಕೈ ನೋಡಿದ, ನೆಲದ ರಕ್ತ ನೋಡಿದ. ದೊಣ್ಣೆ ಬಿಸಾಡಿ ತನ್ನ ಕಾರು ತಂದ.

ಆಸ್ಪತ್ರೆಯ ದಾರಿಯಲ್ಲಿ ಇನ್ನೊಂದು ಸುರಂಗ. ಯುರೆ ವೇಗ ತಗ್ಗಿಸಲಿಲ್ಲ. ಹಿಂದೆ ಮಲಗಿದ್ದ ವೆದ್ರಾನನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು.

"ಹಾರ್ನ್, ಮಾವ. ಮೂರು," ಎಂದಳು ಅಲ್ಮಾಸಾ.

ಗಾಡಿ ಕಿರುಚಿ ನಿಂತಿತು. ಹಾರ್ನ್ ಮೂರು ಸಲ ಕೂಗಿತು.

"ರಕ್ತ ನಿಲ್ತಿಲ್ಲ, ನಡೀರಿ," ಎಂದು ಸನೇಲಾ ಸೀಟಿಗೆ ಗುದ್ದಿದಳು.

ಅಲ್ಮಾಸಾ ಅವನ ತೊಡೆಯ ಗಾಯಕ್ಕೆ ಮೊಣಕಾಲೂರಿ ಒತ್ತಿದಳು. ಅವನು ನರಳಿದ. ಅವಳು ಎಣಿಸತೊಡಗಿದಳು. ಹದಿನಾರಕ್ಕೆ ಕತ್ತಲೆಯಿಂದ ಕರುವೊಂದು ಹೊರಬಂತು. ಅದರ ಹಿಂದೆ ಆರು ಹಸು.

ಕೊನೆಯ ಬಾಲ ಗಾಡಿಯನ್ನು ದಾಟಿದಾಗ ಮೊಣಕಾಲ ಕೆಳಗೆ ಅವನ ನಾಡಿ ಇನ್ನೂ ಬಡಿಯುತ್ತಿತ್ತು.

"ಹಸಿರು ಬಾವುಟ ತೋರಿಸೇ," ಎಂದ ವೆದ್ರಾನ್, ಕಣ್ಣು ಮುಚ್ಚಿಕೊಂಡೇ.