ನಿಲ್ಸನ್ ಮನೆಯಲ್ಲೊಬ್ಬ ಡೋಲ್ಕ್

ಹುಡುಗನ ಅಪ್ಪ ಅಮ್ಮನ ಅಂಚೆಡಬ್ಬಿಯ ಮೇಲೆ ನಿಲ್ಸನ್ ಅಂತಿದೆ. ಹುಡುಗನ ಫ್ಲ್ಯಾಟಿನ ಬಾಗಿಲ ಮೇಲೆ ಡೋಲ್ಕ್ ಅಂತಿದೆ. ಸ್ವಂತ ಮಗನಿಗೆ ಬೇರೆ ಅಡ್ಡಹೆಸರು ಎಲ್ಲಿಂದ ಬಂತು? ಈ ಹುಳ ತಲೆಗೆ ಹೊಕ್ಕಮೇಲೆ ಪ್ರಫುಲ್ಲಾಗೆ ಊಟ ರುಚಿಸಲಿಲ್ಲ. ಮಗಳು ಅದಿತಿ ಜೂನ್‌ನಲ್ಲಿ ಮದುವೆಯಾಗ್ತೀನಿ ಅಂತ ಕೂತಿರುವುದು ಇದೇ ಯೋಯೆಲ್‌ನನ್ನು.

"ನಿಂಗೆ ಬೇರೆ ಕೆಲಸ ಇಲ್ವಾ?" ಅಂದ ಗಂಡ ಬಾಲಚಂದ್ರ. "ಇಲ್ಲಿ ಎಷ್ಟೋ ಜನ ಹೆಸರು ಚೇಂಜ್ ಮಾಡ್ಕೋತಾರೆ ಕಣೇ."

"ಸುಮ್‌ಸುಮ್ನೆ ಯಾರು ಮಾಡ್ಕೋತಾರ್ರೀ? ಇಲ್ಲಿನ ಭಾಷೇಲಿ ಡೋಲ್ಕ್ ಅಂದ್ರೆ ಏನು ಗೊತ್ತಾ? ಕಠಾರಿ! ನೆಟ್ಟಗಿರೋ ಹೆಸರು ಬಿಟ್ಟು ಕಠಾರಿ ಅಂತ ಇಟ್ಕೊಂಡಿದಾನೆ ಅಂದ್ರೆ ಎಲ್ಲೋ ಏನೋ ಮಾಡಿ ಮುಚ್ಚಿಟ್ಟಿದಾನೆ."

ಅದಿತಿಯನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಹುಡುಗನ ಮೇಲೆ ಮನಸ್ಸಾದವಳು ನಿಜ ಹೇಳ್ತಾಳಾ ಅಂತ ಇವಳ ಲೆಕ್ಕ. ಈ ದೇಶದಲ್ಲಿ ಯಾರ ಹಳೇ ಹೆಸರು ಏನಿತ್ತು ಅಂತ ತೆರಿಗೆ ಕಚೇರಿಗೆ ಫೋನ್ ಮಾಡಿ ಕೇಳಬಹುದು. ಬುಧವಾರ, ತಾನು ಕೆಲಸ ಮಾಡುವ ಡಾಗಿಸ್ ಅನ್ನೋ ಶಿಶುವಿಹಾರದಲ್ಲಿ ಮಕ್ಕಳೆಲ್ಲ ಮಲಗಿದ ಹೊತ್ತು ನೋಡಿ ಮಾಡಿಯೇಬಿಟ್ಟಳು. ಹೌದು, ಎರಡು ವರ್ಷದ ಹಿಂದೆ ನಿಲ್ಸನ್ ಹೋಗಿ ಡೋಲ್ಕ್ ಆಗಿದೆ. ಮೊದಲೇನಾದರೂ ಮದುವೆ ಆಗಿತ್ತಾ? ಆಗಿಲ್ಲ. ಆ ಎರಡನೇ ಉತ್ತರ ಇವಳ ಕಿವಿಗೆ ಬೀಳಲೇ ಇಲ್ಲ.

ಭಾನುವಾರ ಮಧ್ಯಾಹ್ನ ಯೋಯೆಲ್‌ನ ಅಮ್ಮ ಗುನಿಲ್ಲಾ ಕಾಫಿಗೆ ಕರೆದಿದ್ದಳು. ಬಾಲಚಂದ್ರ ಜಾಣ, ತಲೆನೋವು ಅಂತ ಮನೆಯಲ್ಲೇ ಉಳಿದ. ಏಲಕ್ಕಿ ಬನ್ ಮುರಿಯುತ್ತಲೇ ಪ್ರಫುಲ್ಲಾ ಬಾಂಬ್ ಸಿಡಿಸಿದಳು.

"ತೆರಿಗೆ ಕಚೇರಿಗೆ ಫೋನ್ ಮಾಡಿದ್ದೆ. ನಿಮ್ಮ ಮಗ ಹೆಸರು ಬದಲಾಯಿಸಿಕೊಂಡದ್ದು ಏನನ್ನು ಮುಚ್ಚಿಡೋಕೆ?"

ಅದಿತಿ ಕಪ್ ಕೆಳಗಿಟ್ಟಳು. ಯೋಯೆಲ್‌ನ ಮುಖ ಕಿವಿಯವರೆಗೂ ಕೆಂಪಾಯಿತು. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡಳು ಪ್ರಫುಲ್ಲಾ.

ಗುನಿಲ್ಲಾ ಎದ್ದು ಗೋಡೆಯ ಮೇಲಿನ ಹಳೇ ಫೋಟೋ ತೆಗೆದು ತಂದಳು. ಗುಂಡಿ ಕಿತ್ತುಹೋಗುವ ಹಾಗೆ ಎದೆಯುಬ್ಬಿಸಿ ನಿಂತ ಒಬ್ಬ ಸಿಪಾಯಿ.

"ನನ್ನ ಗಂಡನ ಮುತ್ತಜ್ಜ. ನಿಲ್ಸ್‌ನ ಮಗ, ಅದಕ್ಕೇ ನಿಲ್ಸನ್. ಅವನ ದಳದಲ್ಲಿ ಹನ್ನೊಂದು ಜನ ನಿಲ್ಸನ್‌ಗಳು. ಕೂಗಿದರೆ ಹನ್ನೊಂದು ಜನವೂ ಓಡಿಬರೋರು! ಅದಕ್ಕೆ ಅಧಿಕಾರಿ ಒಬ್ಬೊಬ್ಬನಿಗೆ ಒಂದೊಂದು ಗಿಡ್ಡ ಹೆಸರಿಟ್ಟ. ಇವನಿಗೆ ಡೋಲ್ಕ್ ಬಂತು. ಸೈನ್ಯ ಬಿಟ್ಟಾಗ ಆ ಹೆಸರು, ಊರಿನವರು ಕೊಟ್ಟಿದ್ದ ಮನೆ, ಎರಡೂ ಮುಂದಿನ ಸಿಪಾಯಿಗೆ ಹೋದವು. ನಮ್ಮ ಮಾವ ಸಾಯುವ ಮುಂಚೆ, ಆ ಹೆಸರನ್ನ ಯಾರಾದರೂ ವಾಪಸ್ ತನ್ನಿ ಅಂದರು. ಇವನು ತಂದ."

ಪ್ರಫುಲ್ಲಾ ಬನ್ ತಟ್ಟೆಗಿಟ್ಟಳು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? "ಮೊದಲೇ ಹೇಳಬಹುದಿತ್ತಲ್ಲ," ಅಂದಳು ಪ್ರಫುಲ್ಲಾ.

"ನೀವು ಕೇಳಲಿಲ್ಲ," ಅಂದಳು ಗುನಿಲ್ಲಾ. "ನನಗೂ ಅನುಮಾನ ಇತ್ತು. ನೀವು ಭಾಸ್ಕರ, ನಿಮ್ಮ ಗಂಡ ಅನಂತಕೃಷ್ಣ, ಮಗಳು ಬಾಲಚಂದ್ರ. ಒಂದೇ ಬಾಗಿಲಲ್ಲಿ ಮೂರು ಅಡ್ಡಹೆಸರು. ಈ ಹುಡುಗಿ ನಿಜಕ್ಕೂ ಇವರ ಮಗಳೇನಾ ಅಂತ."

ಪ್ರಫುಲ್ಲಾ ಉರಿದುಬಿದ್ದಳು. ಹೊತ್ತು ಹೆತ್ತವಳಿಗೆ ಈ ಮಾತಾ! ಪಾಸ್‌ಪೋರ್ಟಿಗೆ ಅಡ್ಡಹೆಸರು ಬೇಕು ಅಂದಾಗ ತಾನು ತನ್ನಪ್ಪನ ಹೆಸರು ಬರೆದಳು, ಗಂಡ ಅವನಪ್ಪನದು ಬರೆದ, ಮಗಳಿಗೆ ಅವಳಪ್ಪನದು ಬಂತು. ಇದರಲ್ಲೇನು ಗುಟ್ಟು?

"ನಮ್ಮ ಬಗ್ಗೆ ಯಾವ ಆಫೀಸಲ್ಲಿ ವಿಚಾರಿಸಿದಿರಿ?" ಅಂತ ಗದರಿದಳು.

"ಆಫೀಸಲ್ಲಲ್ಲ ಅಮ್ಮಾ," ಅಂದಳು ಅದಿತಿ, ಕನ್ನಡದಲ್ಲಿ. "ಅವರು ನನ್ನನ್ನೇ ಕೇಳಿದ್ರು, ಇದೇ ಟೇಬಲ್‌ನಲ್ಲಿ. ನಾನು ಹೇಳ್ದೆ, ನಂಬಿದ್ರು. ನೀನೂ ಒಂದ್ಸಲ ನನ್ನ ಕೇಳ್ಬಹುದಿತ್ತಲ್ವಾ?"

ಟ್ರಾಮ್ ಬಂದಾಗ ಅದಿತಿ ಹತ್ತಲಿಲ್ಲ. ಪ್ರಫುಲ್ಲಾ ಒಬ್ಬಳೇ ಕಿಟಕಿ ಪಕ್ಕ ಕೂತಳು, ನಾಚಿಕೆಯಿಂದ ಮೈಯೆಲ್ಲ ಬಿಸಿಯಾಗಿತ್ತು. ಮೂರು ಸ್ಟಾಪ್ ಕಳೆದಮೇಲೆ ಫೋನ್ ತೆಗೆದು ಮಗಳಿಗೊಂದು ಪ್ರಶ್ನೆ ಬರೆದಳು: "ಪುಟ್ಟಾ, ಮನೆಗೆ ಯಾವಾಗ ಬರ್ತೀಯಾ?"

ತನ್ನ ಸ್ಟಾಪ್ ಬರುವವರೆಗೂ ಫೋನ್ ನೋಡುತ್ತಲೇ ಇದ್ದಳು. ಅದಿತಿ ಓದಿದ್ದಾಳೆ ಅಂತ ತೋರಿಸುತ್ತಿತ್ತು. ಉತ್ತರ ಬಂದಿರಲಿಲ್ಲ.